ಸುಣ್ಣದ ಹಿಂದಿನ ಮೂರನೆಯ ಬಿರುಕು

ಗಣಿಯಿಂದ ಬಂದ ಅಳತೆಗಳನ್ನು ನಾನು ಮೊದಲ ನೋಟಕ್ಕೇ ನಂಬಲಿಲ್ಲ. ಅವು ತೀರಾ ಅಚ್ಚುಕಟ್ಟಾಗಿದ್ದವು.

ಅರವತ್ತರ ದಶಕದ ಮಾತು. ಮದರಾಸಿನಲ್ಲಿ, ಗಿಂಡಿಯ ಕಡೆ ಇದ್ದ ಒಂದು ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ ನಾನು ಗಣಿತದ ಕೆಲಸಕ್ಕಿದ್ದೆ. ಅಣೆಕಟ್ಟಿನ ಬುಡದ ಬಂಡೆ ಜಾರುತ್ತದೆಯೋ, ಗುಡ್ಡ ಕಡಿದು ಮಾಡಿದ ರಸ್ತೆಗೆ ಕಲ್ಲು ಉರುಳುತ್ತದೆಯೋ ಎಂಬಂಥ ಪ್ರಶ್ನೆಗಳು ನಮ್ಮಲ್ಲಿಗೆ ಬರುತ್ತಿದ್ದವು. ಅವನ್ನು ಲೆಕ್ಕಕ್ಕಿಳಿಸಿ ಉತ್ತರ ತೆಗೆಯುವುದು ನನ್ನ ಪಾಲು. ಈ ಸಲದ ಪ್ರಶ್ನೆ ನೆಲದಡಿಯದು. ಮೈಸೂರು ರಾಜ್ಯದ ಒಂದು ಗಣಿಯಲ್ಲಿ, ಬಹಳ ಆಳದ ಒಂದು ಸುರಂಗದ ಚಾವಣಿಯನ್ನು ಮರದ ಕಂಬಗಳ ಆಸರೆ ಕೊಟ್ಟು ನಿಲ್ಲಿಸಿದ್ದರು. ಅಲ್ಲಿ ಹೊಸ ಪಂಪುಗಳನ್ನು ಕೂರಿಸಬೇಕಿತ್ತು, ಕಂಬಗಳು ಅಡ್ಡ ಬರುತ್ತಿದ್ದವು. ಅವನ್ನು ತೆಗೆದರೆ ಚಾವಣಿ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದು ನಾವು ಬರೆದುಕೊಟ್ಟರೆ ಒಂದಷ್ಟು ಜನ ಅದರ ಕೆಳಗೆ ಹೋಗಿ ಕಂಬಗಳನ್ನು ಹೊಡೆದು ಕೆಡವುತ್ತಾರೆ. ನಮ್ಮ ಲೆಕ್ಕ ತಪ್ಪಿದ್ದರೆ ಅವರು ಮೇಲೆ ಬರುವುದಿಲ್ಲ.

ನಾನು ಹೋಗಿ ನೋಡುವಂತಿರಲಿಲ್ಲ. ಹೆಂಗಸರು ನೆಲದಡಿಯ ಗಣಿಯಲ್ಲಿ ಕೆಲಸ ಮಾಡಬಾರದೆಂದು ಕಾನೂನು. ಹಾಗಾಗಿ ನನ್ನ ಪಾಲಿಗೆ ಆ ಬಂಡೆ ಎಂದರೆ ಇನ್ನೊಬ್ಬರು ಅಳೆದು ತಂದ ಅಂಕಿಗಳು. ಇನ್ನೊಬ್ಬರ ಅಂಕಿ ಎಂದರೆ ನನಗೆ ಮೈಯೆಲ್ಲ ಕಣ್ಣು. ಪುರಸೈವಾಕ್ಕಂನ ಬಟ್ಟೆ ಅಂಗಡಿಗಳಲ್ಲಿ ಸೀರೆಯನ್ನು ಮೊಳ ಹಾಕಿ ನೋಡದೆ ನಾನು ಹೊರಗೆ ಬಂದವಳಲ್ಲ. ಅಮ್ಮ ಧಾರವಾಡದ ಕಡೆಯವಳು. ರೈಲ್ವೆಯಲ್ಲಿದ್ದ ಅಪ್ಪನ ಹಿಂದೆ ಮದರಾಸಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಊರಿನ ಮಾತು ಬಿಟ್ಟಿರಲಿಲ್ಲ. "ಈಕಿ ಮುಂದ ದೇವ್ರು ಬಂದು ನಿಂತ್ರೂ, ನೀ ದೇವ್ರು ಅನ್ನೂದಕ್ಕ ಸಾಕ್ಷಿ ಏನೈತಿ ಅಂತ ಕೇಳ್ತಾಳ" ಎಂದು ಬಂದವರೆದುರೆಲ್ಲ ಹೇಳುತ್ತಿದ್ದಳು.

ಬಂಡೆಯೊಳಗಿನ ಬಿರುಕುಗಳು ಸಾಮಾನ್ಯವಾಗಿ ಗುಂಪು ಗುಂಪಾಗಿರುತ್ತವೆ. ಒಂದು ಗುಂಪಿನವು ಹೆಚ್ಚು ಕಡಿಮೆ ಒಂದಕ್ಕೊಂದು ಸಮಾನಾಂತರ. ಪ್ರತಿ ಬಿರುಕಿನ ದಿಕ್ಕು ಮತ್ತು ಇಳಿಜಾರನ್ನು ಅಳೆದು, ಭೂಗೋಳದ ಗೆರೆಗಳಂಥ ಜಾಲವನ್ನು ಬರೆದ ಹಾಳೆಯ ಮೇಲೆ ಟ್ರೇಸಿಂಗ್ ಕಾಗದ ಇಟ್ಟು, ಬಿರುಕಿಗೊಂದು ಚುಕ್ಕೆಯಂತೆ ಗುರುತು ಹಾಕುತ್ತೇವೆ. ಚುಕ್ಕೆಗಳು ದಟ್ಟವಾದ ಕಡೆ ಒಂದು ಗುಂಪು ಇದೆ ಎಂದರ್ಥ. ನಾನು ಹಿಂದೆ ನೋಡಿದ ಬಂಡೆಗಳಲ್ಲೆಲ್ಲ ಗುಂಪುಗಳ ನಡುವೆ ಹತ್ತಾರು ಚುಕ್ಕೆಗಳು ದಿಕ್ಕು ತಪ್ಪಿ ಅಲೆಯುತ್ತಿದ್ದವು. ಈ ಗಣಿಯ ಅಳತೆಗಳನ್ನು ಇಳಿಸಿದಾಗ ಎದುರುಬದುರಾಗಿ ಎರಡೇ ಗುಂಪು ಮೂಡಿದವು. ಉಳಿದ ಜಾಗವೆಲ್ಲ ಬೋಳು.

ಆ ಎರಡು ಗುಂಪಿನ ಬಿರುಕುಗಳೂ ಸುರಂಗಕ್ಕೆ ಅಡ್ಡವಾಗಿದ್ದವು. ಒಂದು ಮುಂದಕ್ಕೆ ವಾಲಿದರೆ ಇನ್ನೊಂದು ಹಿಂದಕ್ಕೆ. ಚಾವಣಿಯ ಮೇಲೆ ಅವೆರಡೂ ಕೂಡುವಲ್ಲಿ ಹಂಚಿನ ಮನೆಯ ಮಾಡಿನಂಥ ಒಂದು ತುಂಡು ಬಂಡೆ ಏರ್ಪಡುತ್ತದೆ. ಆದರೆ ಅದು ಬೀಳುವಂತಿಲ್ಲ. ಅದರ ಎರಡು ತುದಿಗಳೂ ಸುರಂಗದ ಎಡಬಲದ ಗೋಡೆಗಳ ಮೇಲಿನ ಗಟ್ಟಿ ಬಂಡೆಯೊಳಗೆ ಹುದುಗಿಕೊಂಡಿರುತ್ತವೆ. ಆ ಬಂಡೆಯೇ ಮುರಿಯಬೇಕು, ಇಲ್ಲವೇ ತುದಿಗಳನ್ನು ಕತ್ತರಿಸುವ ಮೂರನೆಯ ಗುಂಪೊಂದು ಇರಬೇಕು. ಮೂರನೆಯ ಗುಂಪು ಇರಲಿಲ್ಲ. ಕಂಬ ತೆಗೆಯಬಹುದು ಎಂದು ಲೆಕ್ಕ ಹೇಳುತ್ತಿತ್ತು. ಗಣಿಯವರಿಗೆ ಬೇಕಾಗಿದ್ದುದೂ ಅದೇ ಉತ್ತರ. ನನ್ನ ಅನುಮಾನ ಇನ್ನಷ್ಟು ಬಲಿಯಿತು.

ಅಳತೆ ತಂದವರು ಗಣಿಯ ಸರ್ವೇಯರ್, ನಡುವಯಸ್ಸಿನವರು, ಡಿಪ್ಲೊಮಾ ಓದಿದವರು. ಲೆಕ್ಕ ಮುಗಿಯುವವರೆಗೆ ಮದರಾಸಿನಲ್ಲೇ ಇರಬೇಕೆಂದು ಅವರನ್ನು ಕಳಿಸಿದ್ದರು. ಟ್ರಿಪ್ಲಿಕೇನಿನ ಲಾಡ್ಜೊಂದರಲ್ಲಿ ಇಳಿದುಕೊಂಡು ದಿನಾ ನಮ್ಮಲ್ಲಿಗೆ ಬರುತ್ತಿದ್ದರು. ನಾನು ಅವರನ್ನು ಕಟಕಟೆಯಲ್ಲಿ ನಿಲ್ಲಿಸಿದವಳಂತೆ ಪ್ರಶ್ನೆ ಕೇಳತೊಡಗಿದೆ.

"ಕಬ್ಬಿಣದ ಹಳಿ ಇದ್ದ ಕಡೆ ದಿಕ್ಸೂಚಿ ಹಿಡಿದರೆ ಮುಳ್ಳು ತಿರುಗುತ್ತದಲ್ಲ?"

"ಹಳಿ ಹತ್ರ ಹಿಡ್ದಿಲ್ಲಮ್ಮ. ದೂರ ನಿಂತು ನೂಲು ಹಿಡ್ದು ತಗೊಂಡಿದೀನಿ."

"ಯಾವ ಬಿರುಕು ಅಳೆಯಬೇಕು ಅಂತ ಆರಿಸಿದವರು ಯಾರು?"

"ಆರ್ಸೋದೇನು? ಸುರಂಗದ ಉದ್ದಕ್ಕೂ ಗೋಡೆ ಮೇಲೆ ದಾರ ಎಳೀತೀವಿ. ದಾರಕ್ಕೆ ಸಿಕ್ಕಿದ್ದನ್ನೆಲ್ಲ ಅಳೀತೀವಿ. ಒಂದನ್ನೂ ಬಿಡೋಂಗಿಲ್ಲ."

"ಚಾವಣಿ?"

"ಚಾವಣಿಗೆಲ್ಲ ಹಲಗೆ ಹೊಡ್ದಿದೆ, ಕಾಣಲ್ಲ. ಆದ್ರೆ ಗೋಡೆ ಬಂದು ನೋಡ್ಬೇಕು ನೀವು. ಎಡಗೋಡೆ ಅಂತೂ ಕನ್ನಡಿ ಇದ್ದಂಗಿದೆ. ಅಷ್ಟು ಒಳ್ಳೆ ಕಲ್ಲು."

ಉತ್ತರಗಳೆಲ್ಲ ಸರಿಯಾಗಿದ್ದವು, ಅದಕ್ಕೇ ನನಗೆ ಸಮಾಧಾನವಾಗಲಿಲ್ಲ. ಅಂಕಿಗಳಲ್ಲಿ ಎಲ್ಲವೂ ಐದರ ಮಗ್ಗಿಯಲ್ಲೇ ಬರುತ್ತವೆಯೋ, ಮಧ್ಯಾಹ್ನದ ಹೊತ್ತಿನವು ಬೆಳಗಿನವನ್ನು ನಕಲು ಮಾಡಿದಂತಿವೆಯೋ ಎಂದು ಬೇರೆ ಬೇರೆ ರೀತಿಯಲ್ಲಿ ಜಾಲಾಡಿದೆ. ಏನೂ ಸಿಗಲಿಲ್ಲ. ನಮ್ಮ ಮುಖ್ಯಸ್ಥರು ತಮಿಳರು. ಬಾಗಿಲಲ್ಲಿ ತಲೆ ಹಾಕಿ "ಎನ್ನಮ್ಮಾ, ಇನ್ನುಂ ಮುಡಿಯಲಿಯಾ?" ಎನ್ನುತ್ತಿದ್ದರು, ಇನ್ನೂ ಮುಗಿದಿಲ್ಲವೇ ಎಂದು. ಗಣಿಯವರು ಅವಸರ ಮಾಡುತ್ತಿದ್ದರು. ಸರ್ವೇಯರ್ ಒಂದು ದಿನ ಬರಲೇ ಇಲ್ಲ.

ತಪ್ಪಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ನಾನೇ ಟ್ರಿಪ್ಲಿಕೇನಿಗೆ ಹೋದೆ. ಅವರು ಊಟ ಮಾಡುತ್ತಿದ್ದ ಹೋಟೆಲು ಉಡುಪಿ ಕಡೆಯವರದು. ಗಲ್ಲಾದ ಮೇಲಿದ್ದ ಯಜಮಾನರು ನಾನು ಸರ್ವೇಯರನ್ನು ಕೇಳಿದ ಕೂಡಲೇ, "ಗಣಿಯವರಾ? ಒಳಗೆ ಇದ್ದಾರೆ ಮಾರಾಯ್ರೆ. ಪಾಪ, ಹೊಟ್ಟೆ ಸರಿ ಇಲ್ಲ, ಬರೀ ಮಜ್ಜಿಗೆ ಅನ್ನ" ಎಂದರು. ಸರ್ವೇಯರ್ ನನ್ನನ್ನು ಕಂಡದ್ದೇ ಎಲೆಯ ಮೇಲೆಯೇ ಕೈ ನಿಲ್ಲಿಸಿದರು.

"ಇಲ್ಲಿಗೂ ಬಂದ್ರಾ?"

"ಒಂದೇ ಪ್ರಶ್ನೆ. ಈ ಅಳತೆ ಹೀಗೇ ಬರಬೇಕು ಅಂತ ನಿಮಗೆ ಯಾರಾದರೂ ಹೇಳಿದ್ದರಾ?"

ಅವರ ಮುಖ ಕೆಂಪಗಾಯಿತು. ಮೆಲ್ಲಗೆ, ಆದರೆ ಪಕ್ಕದ ಮೇಜಿನವರು ತಿರುಗಿ ನೋಡುವಂತೆ ಹೇಳಿದರು: "ಅಮ್ಮ, ಆ ಕಂಬ ತೆಗಿಯೋ ಗ್ಯಾಂಗಿಗೆ ನಾನೇ ಮೇಸ್ತ್ರಿ ಇದ್ದಂಗೆ. ಮೊದಲ್ನೇ ಕಂಬಕ್ಕೆ ಕೈ ಹಾಕೋನು ನಾನು. ಸುಳ್ಳು ಅಳತೆ ಬರ್ದು ನನ್ನ ತಲೆ ಮೇಲೇ ನಾನು ಕಲ್ಲು ಹಾಕ್ಕೊಳ್ಳೋಕೆ ನಂಗೇನು ಹುಚ್ಚಾ?"

ಆ ಮನುಷ್ಯ ಪ್ರಾಮಾಣಿಕ ಎಂದು ಮೊದಲ ಸಲ ಒಪ್ಪಿಕೊಂಡೆ, ಒಪ್ಪಿಕೊಂಡದ್ದೇ ಹೆದರಿಕೆಯಾಯಿತು. ಸುಳ್ಳಿದ್ದಿದ್ದರೆ ಹಿಡಿಯಬಹುದಿತ್ತು. ಎಲ್ಲರೂ ನಿಜ ಹೇಳುತ್ತಿದ್ದರೂ ಆ ಬೋಳು ಜಾಗ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಬಸ್ಸು ಮೌಂಟ್ ರೋಡಿನಲ್ಲಿ ಹೋಗುತ್ತಿತ್ತು. ಕಿಟಕಿಯ ಪಕ್ಕ ಕೂತು ಅಡ್ಡಬೀದಿಗಳ ಬೋರ್ಡು ಓದುವುದು ನನಗೆ ಅಭ್ಯಾಸ. ಒಂದಾದ ಮೇಲೊಂದು ಬೀದಿ ಬಂದು ರಸ್ತೆಗೆ ಸೇರುತ್ತಿತ್ತು. ಯಾರಾದರೂ ಈ ಬಸ್ಸಿನಲ್ಲಿ ಕೂತೇ ಮದರಾಸಿನ ಬೀದಿಗಳನ್ನು ಎಣಿಸಿದರೆ, ಈ ಊರಿನಲ್ಲಿ ಇರುವುದೆಲ್ಲ ಅಡ್ಡಬೀದಿಗಳೇ ಎಂದು ಬರೆದಾರು ಎನ್ನಿಸಿತು. ಮೌಂಟ್ ರೋಡಿನ ಬೆನ್ನಿಗೇ, ಅದರ ಜೊತೆಗೇ ಸಾಗುವ ಬೀದಿ ಈ ಕಿಟಕಿಗೆ ಎಂದೂ ಸಿಕ್ಕುವುದಿಲ್ಲ. ನಾನು ಸೀಟಿನಿಂದ ಎದ್ದು ನಿಂತೆ. ಕಂಡಕ್ಟರು ಇನ್ನೂ ಸ್ಟಾಪು ಬಂದಿಲ್ಲವೆಂದು ಗದರಿದ.

ದಾರವನ್ನು ಸುರಂಗದ ಉದ್ದಕ್ಕೆ ಎಳೆದಿದ್ದರು. ಸುರಂಗಕ್ಕೆ ಸಮಾನಾಂತರವಾದ ಬಿರುಕು ಆ ದಾರವನ್ನು ದಾಟುವುದೇ ಇಲ್ಲ. ಕನ್ನಡಿಯಂಥ ಎಡಗೋಡೆ ಒಳ್ಳೆಯ ಕಲ್ಲಾಗಿರಬೇಕಿಲ್ಲ, ಅದೇ ಒಂದು ಬಿರುಕಿನ ಮುಖವಾಗಿರಬಹುದು. ದಾರ ಅದರ ಮೇಲೇ ಹಾದು ಹೋಗಿತ್ತು, ಯಾರೂ ಅದನ್ನು ಬಿರುಕೆಂದು ಎಣಿಸಿರಲಿಲ್ಲ.

ಸರ್ವೇಯರ್ ಅಂದು ಬಂದಿದ್ದರು. ನಾನು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಅಲ್ಲಿ ಅಡ್ಡ ಸುರಂಗ ಏನಾದರೂ ಇದೆಯಾ?" ಎಂದು ಕೇಳಿದೆ. "ಇದ್ದರೆ ಅದರ ಗೋಡೆಯಲ್ಲಿ ಕಾಣಲೇಬೇಕು."

"ಇದೆ" ಎಂದರು.

"ಅಲ್ಲಿ ಯಾಕೆ ದಾರ ಎಳೆಯಲಿಲ್ಲ?"

"ಅದು ಗಣಿ ಕಾಯೋ ದೇವಿ ಗುಡಿ ಅಮ್ಮ. ಒಳಗೆ ಅಮ್ಮನ್ನ ಇಟ್ಟಿದೀವಿ. ಅಲ್ಲಿ ಚಪ್ಪಲಿ ಹಾಕ್ಕೊಂಡು ಹೋಗಲ್ಲ, ಯಾರೂ ಸುತ್ತಿಗೆ ಎತ್ತಲ್ಲ. ನಮ್ಮಪ್ಪನ ಕಾಲದಿಂದ್ಲೂ ಹಂಗೇ. ಪ್ರತಿ ಆಯುಧಪೂಜೆಗೂ ಸುಣ್ಣ ಬಳೀತೀವಿ. ಸುಣ್ಣದ ಮೇಲೆ ಸುಣ್ಣ, ಗೋಡೆ ಕಲ್ಲೇ ಕಾಣಲ್ಲ."

ನನ್ನ ಅನುಮಾನ ಮತ್ತೆ ಹೆಡೆ ಎತ್ತಿತು. ಇಡೀ ಗಣಿಯಲ್ಲಿ ನನಗೆ ಬೇಕಾದ ಗೋಡೆ ಒಂದೇ, ಅದಕ್ಕೇ ಸುಣ್ಣ. ಆದರೆ ಈ ಸಲ ಅವರ ಮುಖ ನೋಡಿ ಏನೂ ಕೇಳಲಿಲ್ಲ. ಮುಖ್ಯಸ್ಥರ ಬಳಿಗೆ ಹೋಗಿ, ಆ ಗೋಡೆಯ ಅಳತೆ ಬರುವವರೆಗೆ ವರದಿಗೆ ಸಹಿ ಹಾಕುವುದಿಲ್ಲ ಎಂದೆ. ಅವರು ಸಿಡಿಮಿಡಿಗೊಂಡರು. ಇಲ್ಲದ ಬಿರುಕನ್ನು ನಾನು ಕಲ್ಪಿಸಿಕೊಳ್ಳುತ್ತಿದ್ದೇನೆ, ಗಣಿಯವರಿಗೆ ಯಾವ ಮುಖ ತೋರಿಸಲಿ ಎಂದರು. ಬೇಕಾದರೆ ನನ್ನ ಹೆಸರು ತೆಗೆದು ಬೇರೆಯವರ ಸಹಿ ಹಾಕಿಸಿ ಎಂದೆ. ಅವರು ಹಾಕಿಸಲಿಲ್ಲ. ಅದಕ್ಕಾಗಿ ಅವರಿಗೆ ಇಂದಿಗೂ ಕೃತಜ್ಞಳು.

ಸರ್ವೇಯರ್ ಗಣಿಗೆ ವಾಪಸು ಹೋದರು. ಏನು ಮಾಡುತ್ತಾರೋ ನನಗೆ ತಿಳಿದಿರಲಿಲ್ಲ. ಆ ನಡುವೆ ನಾನು ಮೂರನೆಯ ಗುಂಪು ಇದೆ ಎಂದೇ ಇಟ್ಟುಕೊಂಡು ಲೆಕ್ಕ ಮಾಡಿದೆ. ತುದಿಗಳು ಕತ್ತರಿಸಿಹೋದರೆ ಆ ತುಂಡನ್ನು ಹಿಡಿದಿಡುವುದು ಅಕ್ಕಪಕ್ಕದ ಬಂಡೆ ಒತ್ತುವ ಬಲ ಮತ್ತು ಮುಖಗಳ ನಡುವಿನ ಘರ್ಷಣೆ, ಇವೆರಡೇ. ಒತ್ತಡ ಎಷ್ಟೆಂದು ಯಾರೂ ಅಳೆದಿರಲಿಲ್ಲ, ಅಳೆಯುವ ಸಾಧನವೂ ನಮ್ಮಲ್ಲಿರಲಿಲ್ಲ. ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಿದೆ. ಈ ತೂಕ ನಿಲ್ಲಬೇಕಾದರೆ ಎಷ್ಟು ಒತ್ತಡ ಬೇಕು ಎಂದು ಕೇಳಿಕೊಂಡೆ. ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದ ಹಿಡಿ ತಿರುಗಿಸಿ ತಿರುಗಿಸಿ ಭುಜ ನೋಯುತ್ತಿತ್ತು. ಬಿರುಕಿನ ಮುಖ ಒರಟಾಗಿದ್ದು ಒಣಗಿದ್ದರೆ ಸ್ವಲ್ಪ ಒತ್ತಡ ಸಾಕು. ನುಣುಪಾಗಿದ್ದು ನಡುವೆ ಜೇಡಿಮಣ್ಣು ಇದ್ದರೆ ಬೇಕಾದ ಒತ್ತಡ ಎಲ್ಲೋ ಹೋಗಿ ನಿಲ್ಲುತ್ತಿತ್ತು. ಸುರಂಗ ಕೊರೆಯಲು ಮದ್ದು ಸಿಡಿಸಿದ ಕಡೆ ಬಂಡೆ ಸಡಿಲವಾಗಿರುತ್ತದೆ, ಅಷ್ಟು ಒತ್ತಡ ಅಲ್ಲಿ ಇರುತ್ತದೆಂದು ನಂಬುವುದು ಹೇಗೆ?

ಸರ್ವೇಯರ್ ಮತ್ತೆ ಬಂದಾಗ ಕೈಯಲ್ಲಿ ಟವೆಲಿನ ಗಂಟು. ಅಡ್ಡ ಸುರಂಗದ ಗೋಡೆಯಲ್ಲಿ, ಮುಖ್ಯ ಸುರಂಗಕ್ಕೆ ಸಮಾನಾಂತರವಾಗಿ, ಹೆಚ್ಚು ಕಡಿಮೆ ನೆಟ್ಟಗೆ ನಿಂತ ಬಿರುಕುಗಳು ಸಿಕ್ಕಿದ್ದವು. ಅಳತೆಗಳನ್ನು ಇಳಿಸಿದೆ. ಚುಕ್ಕೆಗಳು ಆ ಬೋಳು ಜಾಗದ ನಟ್ಟನಡುವೆ ಬಿದ್ದವು, ನಾನು ಊಹಿಸಿದ ಕಡೆಯೇ. ಸಂತೋಷವಾಗಬೇಕಿತ್ತು. ನನಗೆ ಮೊದಲು ಬಂದ ಯೋಚನೆ, ಈ ಮನುಷ್ಯ ನನ್ನ ಕಾಟ ತಡೆಯಲಾರದೆ ನಾನು ಹೇಳಿದ್ದನ್ನೇ ಬರೆದುಕೊಂಡು ಬಂದಿದ್ದಾರೆಯೇ ಎಂದು.

ಅವರಿಗೆ ಅದು ಗೊತ್ತಾಯಿತೆಂದು ಕಾಣುತ್ತದೆ. ಟವೆಲು ಬಿಚ್ಚಿದರು. ಅಂಗೈ ಅಗಲದ ಕಲ್ಲು. ಒಂದು ಅಂಚಿನಲ್ಲಿ ಪದರ ಪದರವಾಗಿ ಹಳೆಯ ಸುಣ್ಣ. ಇನ್ನೊಂದು ಮುಖ ನುಣುಪು, ಅದರ ಮೇಲೆ ಬೂದುಬಣ್ಣದ ಜೇಡಿ.

"ಪೂಜೆ ಮಾಡಿ, ಅಮ್ಮಂಗೆ ಹೇಳ್ಕೊಂಡು, ತೆಂಗಿನನಾರಲ್ಲಿ ನೀರು ಹಾಕಿ ಸುಣ್ಣ ತೊಳ್ದೆ. ಗ್ಯಾಂಗಿನೋರು ಯಾರೂ ಕೈ ಹಾಕ್ಲಿಲ್ಲ, ನಾನೊಬ್ನೇ. ಸುತ್ತಿಗೆ ಮುಟ್ಲಿಲ್ಲಮ್ಮ. ತೊಳೀತಾ ಇದ್ದಂಗೆ ಇದು ಕೈಗೇ ಬಂತು."

ಕಲ್ಲಿನ ತುಂಡನ್ನು ಅಂಬತ್ತೂರಿನ ವರ್ಕ್‌ಶಾಪಿನಲ್ಲಿ ಮಾಡಿಸಿದ್ದ ಓರೆಹಲಗೆಯ ಮೇಲೆ, ಅದೇ ಜೇಡಿ ಸವರಿ, ಒದ್ದೆ ಮಾಡಿ ಇಟ್ಟೆವು. ಹಲಗೆಯನ್ನು ಮೆಲ್ಲಗೆ ಎತ್ತುತ್ತ ಹೋದರೆ ಯಾವ ಕೋನದಲ್ಲಿ ಕಲ್ಲು ಜಾರುತ್ತದೆಯೋ ಅದೇ ಘರ್ಷಣೆಯ ಅಳತೆ. ಹಲಗೆ ಇನ್ನೂ ಸರಿಯಾಗಿ ಎದ್ದಿರಲಿಲ್ಲ, ಕಲ್ಲು ಜಾರಿತು. ಅಂಥ ಚಿಕ್ಕ ತುಂಡನ್ನು ಪೂರ್ತಿ ನಂಬಬಾರದೆಂದು ಮತ್ತೆ ಮತ್ತೆ ಮಾಡಿದೆ. ಉತ್ತರ ಸುಧಾರಿಸಲಿಲ್ಲ. ಕಂಬ ತೆಗೆಯಬಾರದು ಎಂದು ಬರೆದು ಸಹಿ ಹಾಕಿದೆ.

ಗಣಿಯ ಮ್ಯಾನೇಜರ್ ಸ್ವತಃ ಮದರಾಸಿಗೆ ಬಂದರು. ಮೈಸೂರಿನವರು, ಮಾತು ಬಹಳ ನಯ. ಸಭೆಯಲ್ಲಿ ಮೊದಲ ಸಲ ಅನುಮಾನ ನನ್ನ ಕಡೆಗೆ ತಿರುಗಿತು.

"ತಾವು ಗಣಿಯೊಳಗೆ ಇಳಿದಿದ್ದೀರಾ, ಮೇಡಂ?"

"ಇಲ್ಲ. ಇಳಿಯೋದಕ್ಕೆ ಬಿಡೋದಿಲ್ಲವಲ್ಲ ನೀವು."

"ಅಲ್ಲ, ಆ ಚಾವಣಿ ನಾವು ನೋಡ್ತಾ ಇರೋದು ಇವತ್ತಿಂದಲ್ಲ. ಒಂದು ಚೂರು ಕಲ್ಲು ಬಿದ್ದಿಲ್ಲ. ತಮ್ಮದು ಪೇಪರ್ ಮೇಲಿನ ಬಂಡೆ."

"ಬಿದ್ದಿಲ್ಲ, ಯಾಕೆಂದರೆ ಕಂಬ ಇದೆ" ಎಂದೆ. ನಮ್ಮ ಮುಖ್ಯಸ್ಥರು ಕೆಮ್ಮಿದರು. ಒತ್ತಡ ಎಷ್ಟಿದೆ ಎಂದು ನನಗೆ ಗೊತ್ತೇ ಎಂದು ಮ್ಯಾನೇಜರ್ ಕೇಳಿದರು. ಗೊತ್ತಿಲ್ಲ ಎಂದೆ. ಹಾಗಾದರೆ ನಿಲ್ಲಲೂಬಹುದು ಅಲ್ಲವೇ ಎಂದರು. ನಿಲ್ಲಲೂಬಹುದು ಎಂದು ಒಪ್ಪಲೇಬೇಕಾಯಿತು. ಅವರು ಕಡತ ಮುಚ್ಚಿ, ಮುಂದಿನ ವಾರ ಕಂಬ ತೆಗೆಸುತ್ತೇವೆ ಎಂದರು. ನನ್ನ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ.

ಗೋಡೆಗೆ ಒರಗಿ ನಿಂತಿದ್ದ ಸರ್ವೇಯರ್ ಮುಂದೆ ಬಂದರು. "ನಾನು ತೆಗಿಯಲ್ಲ ಸಾರ್. ನಮ್ಮ ಗ್ಯಾಂಗಿನ ಒಬ್ನನ್ನೂ ಅದರ ಕೆಳಗೆ ಕಳ್ಸಲ್ಲ."

"ಅಳತೆ ನಿಮ್ಮದೇ ಅಲ್ವೇನ್ರಿ? ಎರಡೇ ಗುಂಪು ಅಂತ ಬರೆದುಕೊಟ್ಟೋರು ನೀವೇ."

"ಬರ್ದಿದ್ದು ನಾನೇ. ದಾರ ಎಳ್ದಿದ್ದು ಸಾಲ್ದು ಸಾರ್. ಆಮೇಲೆ ನೋಡಿರೋನೂ ನಾನೇ. ಕೆಲಸದಿಂದ ತೆಗೀತೀನಿ ಅಂದ್ರೆ ತೆಗೀರಿ."

ಕೊನೆಗೆ ಸರ್ವೇಯರೇ ಒಂದು ದಾರಿ ಸೂಚಿಸಿದರು. ಕಂಬಗಳು ನಿಂತಿರುವಾಗಲೇ ಅವಕ್ಕೆ ಉಕ್ಕಿನ ಹಗ್ಗ ಕಟ್ಟಿ ಬರುವುದು, ಆಮೇಲೆ ಎಲ್ಲರೂ ದೂರ ಸರಿದು, ತಿರುವಿನಾಚೆ ನಿಲ್ಲಿಸಿದ, ಹಗ್ಗ ಸುತ್ತಿ ಎಳೆಯುವ ವಿಂಚಿನಿಂದ ಕೆಡವುವುದು. ಬಂಡೆ ನಿಂತರೆ ಪಂಪು ಕೂರಿಸಲಿ. ಮ್ಯಾನೇಜರ್ ಒಪ್ಪಿದರು. ತಮ್ಮ ಮಾತೇ ಗೆಲ್ಲುತ್ತದೆಂಬ ಧೈರ್ಯ ಅವರಿಗೆ.

ಎಳೆದ ದಿನ ಮಧ್ಯಾಹ್ನ ಗಣಿಯಿಂದ ಟ್ರಂಕ್ ಕಾಲ್ ಬಂತು. ಮ್ಯಾನೇಜರ್ ನಗುತ್ತಿದ್ದರು. ಕಂಬಗಳೆಲ್ಲ ಉರುಳಿವೆ, ಚಾವಣಿ ಹಾಗೇ ಇದೆ.

"ಯಾರೂ ಒಳಗೆ ಹೋಗಬಾರದು" ಎಂದೆ. "ಜೇಡಿ ತಕ್ಷಣ ಬಿಡೋದಿಲ್ಲ, ನಿಧಾನಕ್ಕೆ ಜಾರುತ್ತೆ."

"ಎಲ್ಲಿವರೆಗೆ ಕಾಯಬೇಕು?"

"ನನಗೆ ಗೊತ್ತಿಲ್ಲ."

ನಾಳೆ ಬೆಳಿಗ್ಗೆ ಪಂಪಿನವರು ಇಳಿಯುತ್ತಾರೆ, ಈಗಂತೂ ಸರ್ವೇಯರ್ ಸುರಂಗದ ಬಾಯಿಗೆ ಅಡ್ಡ ಹಾಕಿದ ತಡೆಯ ಮುಂದೆ ಕೂತು ಯಾರನ್ನೂ ಬಿಡುತ್ತಿಲ್ಲ ಎಂದು ಹೇಳಿ ಫೋನಿಟ್ಟರು. ಲೆಕ್ಕದ ಹಾಳೆಗಳನ್ನು ಮನೆಗೆ ತಂದು ಮೊದಲಿನಿಂದ ತೆಗೆದು ನೋಡಿದೆ. ನನ್ನ ಗುಣಾಕಾರದ ಮೇಲೆ, ಯಂತ್ರದ ಹಲ್ಲುಗಳ ಮೇಲೆ, ಓರೆಹಲಗೆಯ ಮೇಲೆ, ಎಲ್ಲದರ ಮೇಲೂ ಅನುಮಾನ. ಅಮ್ಮ ಬಡಿಸುತ್ತ, "ಬಿದ್ದಿಲ್ಲ ಅಂದ್ರ ಚೊಲೋ ಆತಲ್ಲ? ನಿನ್ನ ಮಾರಿ ಯಾಕ ಹಿಂಗೈತಿ?" ಎಂದಳು. ಆಗ ಅರಿವಾಯಿತು, ಆ ಬಂಡೆ ಬೀಳಲಿ ಎಂದು ನಾನು ಮನಸ್ಸಿನಲ್ಲೇ ಬೇಡುತ್ತಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚು ಕಾಡಿದ್ದು ಸರ್ವೇಯರ್ ವಿಚಾರ. ಕಣ್ಣಿಂದ ನೋಡಿದ್ದು ಸಾಲದೆ ಕೈಯಿಟ್ಟು ನೋಡುವ ಮನುಷ್ಯ. ಎಲ್ಲರನ್ನೂ ತಡೆದು, ಒಂದು ಗಳಿಗೆ ತಾನೊಬ್ಬನೇ ಹೋಗಿ ಬಿರುಕು ಅಗಲವಾಗಿದೆಯೇ ಎಂದು ಮುಟ್ಟಿ ಬರಲು ಹೊರಟರೆ?

ಬೆಳಿಗ್ಗೆ ಪ್ರಯೋಗಾಲಯಕ್ಕೆ ಕಾಲಿಡುತ್ತಿದ್ದಂತೆ ಫೋನು ಬಂತು. ಯಾರದೋ ಧ್ವನಿ, ಗದ್ದಲ, "ಬಿತ್ತು, ಚಾವಣಿ ಪೂರ್ತಿ ಬಿತ್ತು" ಎಂದಿತು. "ಕೆಳಗೆ ಯಾರಿದ್ದರು?" ಎಂದು ಕೂಗಿದೆ. ಲೈನು ಕಡಿದುಹೋಯಿತು. ಮುಖ್ಯಸ್ಥರು ಎಕ್ಸ್‌ಚೇಂಜಿನವರ ಜೊತೆ ತಮಿಳಿನಲ್ಲಿ ಜಗಳವಾಡಿ ಮತ್ತೆ ಲೈನು ಕೊಡಿಸಲು ನೋಡಿದರು. ನಾನು ಮೇಜು ಹಿಡಿದು ನಿಂತಿದ್ದೆ. ಲೆಕ್ಕ ಸರಿಯಾಗಿದ್ದುದರಿಂದ ಕಿಂಚಿತ್ತೂ ಸಂತೋಷವಾಗಲಿಲ್ಲ.

ಫೋನು ಮತ್ತೆ ಬಡಿದುಕೊಂಡಿತು.

"ಅಮ್ಮ, ಮೂರೂ ಮುಖ ಕಾಣ್ತಿದೆ. ನೀವು ಬರ್ದಂಗೇ ಬಿದ್ದಿದೆ. ಪಂಪಿನೋರು ಇನ್ನೂ ಇಳ್ದಿರ್ಲಿಲ್ಲ."

"ಮುಖ ಬಿಡಿ. ನೀವು ಎಲ್ಲಿದ್ದೀರಿ? ನಿಜ ಹೇಳಿ."

"ಎಲ್ಲಿರ್ತೀನಿ ಅಮ್ಮ, ಮೇಲಿದೀನಿ. ಟ್ರಂಕ್ ಕಾಲ್ ಮಾಡೋ ಫೋನು ಮೇಲೇನೇ ಅಲ್ವಾ ಇರೋದು?"

ಆ ಮಾತನ್ನು ನಾನು ಪರೀಕ್ಷೆ ಮಾಡದೆ ನಂಬಿದೆ.